ಅಪ್‌ಡೇಟ್: ಹಳೆಯ ವಿಲ್ಲೀಸ್ ಪಿಕಪ್‌ನ ಬ್ರೇಕ್, ಕೂಲಿಂಗ್, ಸ್ಟೀರಿಂಗ್

ಬಳ್ಳಾರಿಯ ಬೇಸಿಗೆಯಲ್ಲಿ ಎಂಜಿನ್ ಕುದಿಯುತ್ತಿದ್ದ, ಬ್ರೇಕ್ ಒತ್ತಿದರೆ ಒಂದು ಬದಿಗೆ ಎಳೆಯುತ್ತಿದ್ದ, ಸ್ಟೀರಿಂಗ್ ಸಡಿಲಗೊಂಡಿದ್ದ ನನ್ನ 1950ರ ದಶಕದ ವಿಲ್ಲೀಸ್ ಪಿಕಪ್‌ನಲ್ಲಿ ಮೊದಲು ಯಾವುದನ್ನು ಸರಿಪಡಿಸಬೇಕೆಂದು ಕೇಳಿದ್ದೆ. ಬ್ರೇಕ್‌ನಿಂದಲೇ ಆರಂಭಿಸಿ ಎಂದು ಹೆಚ್ಚಿನವರು ಹೇಳಿದಿರಿ. ಹಾಗೆಯೇ ಮಾಡಿದ್ದೇನೆ, ಸಲಹೆ ನೀಡಿದ ಎಲ್ಲರಿಗೂ ಕೃತಜ್ಞನಾಗಿದ್ದೇನೆ.

ಮೂಲ ವ್ಯವಸ್ಥೆಯಲ್ಲಿ ನಾಲ್ಕೂ ಚಕ್ರಗಳ ಡ್ರಮ್ ಬ್ರೇಕ್‌ಗಳಿಗೆ ಒಂದೇ ಹೈಡ್ರಾಲಿಕ್ ಸರ್ಕ್ಯೂಟ್ (ಬ್ರೇಕ್ ದ್ರವದ ಪೈಪ್ ಜಾಲ) ಇರುವುದರಿಂದ, ಒಂದು ಪೈಪ್ ಸೋರಿದರೂ ಇಡೀ ವಾಹನದ ಬ್ರೇಕ್ ಹೋಗಬಹುದು. ಅದಿರು ಲಾರಿಗಳ ಹಿಂದೆ ಸಂಡೂರಿನ ಇಳಿಜಾರಿನಲ್ಲಿ ಸಾಗುವವರು ಇದನ್ನು ಹಾಗೆಯೇ ಬಿಡಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಈಗ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇದ್ದು, ಪೆಡಲ್ ಒತ್ತಿದಾಗ ದ್ರವವನ್ನು ತಳ್ಳುವ, ಎರಡು ಸರ್ಕ್ಯೂಟ್‌ಗಳ ಮಾಸ್ಟರ್ ಸಿಲಿಂಡರ್ ಕೂರಿಸಲಾಗಿದೆ. ಸಿಲಿಂಡರ್ ಕ್ಯಾಬಿನ್ ನೆಲದ ಕೆಳಗೆ, ಡಿಸ್ಕನ್ನು ಹಿಡಿಯುವ ಕ್ಯಾಲಿಪರ್‌ಗಿಂತ ತಗ್ಗಿನಲ್ಲಿರುವ ಕಾರಣ, ದ್ರವವು ಹಿಂದಕ್ಕೆ ಇಳಿಯದಂತೆ ಡಿಸ್ಕ್ ಪೈಪಿಗೆ 2 ಪಿಎಸ್‌ಐ (ಒತ್ತಡದ ಅಳತೆ) ಹಾಗೂ ಡ್ರಮ್ ಪೈಪಿಗೆ 10 ಪಿಎಸ್‌ಐ ರೆಸಿಡ್ಯುಯಲ್ ವಾಲ್ವ್ (ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸುವ ವಾಲ್ವ್) ಅಳವಡಿಸಿದೆವು. ಪೆಡಲ್ ಈಗ ಗಟ್ಟಿಯಾಗಿದೆ, ಎಳೆತ ನಿಂತಿದೆ.

ರೇಡಿಯೇಟರ್‌ಗೆ ಹೊಸ ಕೋರ್ (ನೀರು ತಣ್ಣಗಾಗುವ ಒಳಭಾಗ) ಹಾಕಿಸಿ, ಫ್ಯಾನ್ ಸುತ್ತ ಶ್ರೌಡ್ (ಹೊದಿಕೆ) ಕಟ್ಟಿಸಿದೆ. ಲಾರಿಗಳ ಹಿಂದೆ ನಿಧಾನವಾಗಿ ಚಲಿಸುವಾಗ ಫ್ಯಾನ್ ಗಾಳಿಯನ್ನು ಕೋರ್ ಮೂಲಕವೇ ಎಳೆಯುವಂತೆ ಮಾಡುವುದು ಈ ಶ್ರೌಡ್. ನಮ್ಮ ಬೋರ್‌ವೆಲ್ ನೀರಿನ ಗಡಸುತನ ಒಳಗೆ ಪದರ ಕಟ್ಟುವುದರಿಂದ, ಡಿಸ್ಟಿಲ್ಡ್ ನೀರಿನಲ್ಲಿ ಬೆರೆಸಿದ ಕೂಲೆಂಟ್ ಮಾತ್ರ ಬಳಸುತ್ತಿದ್ದೇನೆ. 7 ಪಿಎಸ್‌ಐ ರೇಡಿಯೇಟರ್ ಮುಚ್ಚಳವು ಕುದಿಯುವ ಬಿಂದುವನ್ನು ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸುತ್ತದೆ.

ಸ್ಟೀರಿಂಗ್‌ನಲ್ಲಿ ಟೈ ರಾಡ್ (ಚಕ್ರಗಳನ್ನು ಜೋಡಿಸುವ ಸರಳು) ತುದಿಗಳು ಮತ್ತು ಕಿಂಗ್‌ಪಿನ್ (ಮುಂಚಕ್ರ ತಿರುಗುವ ಕೀಲು) ಬೇರಿಂಗ್‌ಗಳನ್ನು ಬದಲಿಸಿದ ನಂತರವೇ ಸ್ಟೀರಿಂಗ್ ಗೇರ್ ಬಾಕ್ಸ್ ಹೊಂದಿಸಿದೆವು. ಪವರ್ ಸ್ಟೀರಿಂಗ್ ಸದ್ಯಕ್ಕೆ ಬೇಕೆನಿಸಿಲ್ಲ.