ಪ್ರಶ್ನೋತ್ತರ: ಮಗಳ ಕಾರಿಗೆ ಚಳಿಗಾಲದ ಚಕ್ರ, ಜೆ.ಸಿ. ರಸ್ತೆಯಿಂದ ಒಯ್ಯಬಹುದಾ?

ಪ್ರಶ್ನೆ (ರಾಜಾಜಿನಗರದ ಸದಸ್ಯರು):
ನಮಸ್ಕಾರ ಸರ್. ಮಗಳು ಕೆನಡಾದ ಮಾಂಟ್ರಿಯಲ್‌ನಲ್ಲಿದ್ದಾಳೆ. ಈಚೆಗೆ ಸೆಕೆಂಡ್ ಹ್ಯಾಂಡ್ ಹೋಂಡಾ ಸಿವಿಕ್ ತಗೊಂಡಿದ್ದಾಳೆ, 2018ರ ಮಾಡೆಲ್, 17 ಇಂಚಿನ ಅಲಾಯ್, ಟೈರ್ ಸೈಜ್ 215/50 ಆರ್17. ಅಲ್ಲಿ ಚಳಿಗಾಲಕ್ಕೆ ಬೇರೆ ಟೈರ್ ಹಾಕಲೇಬೇಕಂತೆ. ವರ್ಷಕ್ಕೆ ಎರಡು ಸಲ ಟೈರ್ ಬಿಚ್ಚಿ ಹಾಕಿಸೋ ಬದಲು ಇನ್ನೊಂದು ಸೆಟ್ ಚಕ್ರವನ್ನೇ ಇಟ್ಟುಕೋ ಅಂತ ಅವಳ ಸ್ನೇಹಿತರು ಹೇಳಿದ್ದಾರೆ. ನಾವು ಗಂಡ ಹೆಂಡತಿ ನವೆಂಬರ್‌ನಲ್ಲಿ ಹೋಗುತ್ತಿದ್ದೇವೆ. ಜೆ.ಸಿ. ರಸ್ತೆಯಲ್ಲಿ ಕ್ರೆಟಾಗೆ ಅಂತ ಇಟ್ಟಿದ್ದ ಒಂದು ಸೆಟ್ ತುಂಬಾ ಚೆನ್ನಾಗಿತ್ತು, ರೇಟೂ ಪರವಾಗಿಲ್ಲ. ಅಂಗಡಿಯವರು "ಅದೂ ಐದು ಬೋಲ್ಟ್, ಇದೂ ಐದು ಬೋಲ್ಟ್, ಆರಾಮಾಗಿ ಕೂರುತ್ತೆ" ಅಂದರು. ಒಯ್ಯಬಹುದಾ?

ಉತ್ತರ (ವೀಲ್ ಅಲೈನ್‌ಮೆಂಟ್ ಮತ್ತು ಟೈರ್ ಕೆಲಸದವರು):
ಒಯ್ಯಬೇಡಿ ಸರ್. ಅಂಗಡಿಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಅರ್ಧ ನಿಜ. ಈ ವಿಷಯದಲ್ಲಿ ಅರ್ಧ ನಿಜವೇ ಜಾಸ್ತಿ ತೊಂದರೆ ಕೊಡೋದು.

ಚಕ್ರ ಆರಿಸುವಾಗ ಎಲ್ಲರೂ ಮುಂದಿನ ಡಿಸೈನ್ ನೋಡುತ್ತಾರೆ. ನೋಡಬೇಕಾದ್ದು ಹಿಂದೆ ಇರುತ್ತದೆ. ಚಕ್ರವನ್ನು ಮಗುಚಿ ಹಾಕಿ, ಬೋಲ್ಟ್ ತೂತುಗಳ ಸುತ್ತ ಎರಕದಲ್ಲೇ ಮೂಡಿಸಿದ ಅಂಕಿಗಳನ್ನು ಓದಿ. ಬೋಲ್ಟ್ ತೂತುಗಳ ಲೆಕ್ಕ, ಅಂದರೆ ಪಿ.ಸಿ.ಡಿ., ಕ್ರೆಟಾಗೂ ಸಿವಿಕ್‌ಗೂ ಒಂದೇ: ಐದು ತೂತು, ಅವು ಕೂರುವ ವೃತ್ತದ ವ್ಯಾಸ 114.3 ಮಿ.ಮೀ. ಅಷ್ಟು ಸರಿ. ಆದರೆ ನಡುವಿನ ದೊಡ್ಡ ತೂತು ಕ್ರೆಟಾದಲ್ಲಿ 67.1 ಮಿ.ಮೀ., ಸಿವಿಕ್‌ನ ಹಬ್, ಅಂದರೆ ಆ ತೂತಿನೊಳಗೆ ಕೂರುವ ಕಾರಿನ ಕಡೆಯ ದುಂಡನೆ ಭಾಗ, 64.1. ಅಂದರೆ ಕ್ರೆಟಾ ಚಕ್ರ ಸಿವಿಕ್ ಮೇಲೆ ಕೂರುತ್ತದೆ, ಆದರೆ ಸುತ್ತಲೂ ಒಂದೂವರೆ ಮಿ.ಮೀ. ಸಡಿಲ ಉಳಿಯುತ್ತದೆ. ಚಕ್ರವನ್ನು ನಡುಮಧ್ಯಕ್ಕೆ ಹಿಡಿದಿಡೋದು ಹಬ್. ಆ ಕೆಲಸ ನಟ್‌ಗಳ ಮೇಲೆ ಬಿದ್ದರೆ, ಜೋಡಿಸುವಾಗ ಕೂದಲೆಳೆಯಷ್ಟು ಆಚೀಚೆ ಆದರೂ ಹೈವೇ ಸ್ಪೀಡಿನಲ್ಲಿ ಸ್ಟೀರಿಂಗ್ ನಡುಗುತ್ತದೆ. ಜನ ಅದನ್ನು ಬ್ಯಾಲೆನ್ಸಿಂಗ್ ಸಮಸ್ಯೆ ಅಂದುಕೊಂಡು ಸುಮ್ನೆ ದುಡ್ಡು ಸುರೀತಾರೆ. ಹಬ್ ರಿಂಗ್ ಅಂತ ಒಂದು ಬಳೆ ಸಿಗುತ್ತದೆ, ಅದನ್ನು ಹಾಕಿದರೆ ಸರಿಹೋಗುತ್ತದೆ. ಹಿಮ ಕರಗಿಸೋಕೆ ರಸ್ತೆಗೆ ಉಪ್ಪು ಸುರಿಯೋ ಊರಿಗೆ ಪ್ಲಾಸ್ಟಿಕ್ಕಿನದೇ ಮೇಲು, ಅಲ್ಯೂಮಿನಿಯಂನದು ತುಕ್ಕಿಗೆ ಹಬ್ಬಿಗೇ ಕಚ್ಚಿಕೊಂಡು ಬಿಡುತ್ತದೆ.

ಇನ್ನೊಂದು ಅಂಕಿ ಇ.ಟಿ., ಅಂದರೆ ಆಫ್‌ಸೆಟ್. ಚಕ್ರದ ನಡುಗೆರೆಯಿಂದ ಹಬ್ಬಿಗೆ ತಾಗುವ ಮುಖ ಎಷ್ಟು ಮಿ.ಮೀ. ಹೊರಗಿದೆ ಅನ್ನೋ ಲೆಕ್ಕ ಅದು. ಈಗಿರುವ ಚಕ್ರದಲ್ಲಿ ಇ.ಟಿ. 45 ಇದ್ದು, ಅದೇ ಅಗಲದ ಹೊಸದರಲ್ಲಿ 35 ಇದ್ದರೆ ಚಕ್ರ 10 ಮಿ.ಮೀ. ಹೊರಗೆ ಬರುತ್ತದೆ. ನೋಡಕ್ಕೆ ಸ್ಟೈಲಾಗಿ ಕಾಣುತ್ತದೆ, ಆದರೆ ಬೇರಿಂಗ್ ಮೇಲೆ ಭಾರ ಜಾಸ್ತಿ, ಕೆಸರು ಹಿಮ ಎಲ್ಲ ಬಾಗಿಲಿಗೆ ರಾಚುತ್ತದೆ. ಮಗಳಿಗೆ ಹೇಳಿ ಈಗಿನ ಚಕ್ರದ ಹಿಂಭಾಗದ ಫೋಟೋ ತರಿಸಿಕೊಳ್ಳಿ, ಇ.ಟಿ. ಅದಕ್ಕೆ ಆದಷ್ಟು ಹತ್ತಿರ ಇರಲಿ. ಮ್ಯಾಕ್ಸ್ ಲೋಡ್ ಅಂತಲೂ ಕೆ.ಜಿ. ಲೆಕ್ಕದಲ್ಲಿ ಬರೆದಿರುತ್ತದೆ. ಅದು ಕಾರಿನ ಹೆಚ್ಚು ಭಾರದ ಆ್ಯಕ್ಸಲ್ ಹೊರಬಹುದಾದ ತೂಕದ ಅರ್ಧಕ್ಕಿಂತ ಕಡಿಮೆ ಇರಲೇಬಾರದು. ಅಂಕಿಯೇ ಇಲ್ಲದ ಚಕ್ರವನ್ನು ನಾನು ಪುಕ್ಕಟೆ ಕೊಟ್ಟರೂ ಹಾಕಲ್ಲ.

ಮರುಪ್ರಶ್ನೆ (ರಾಜಾಜಿನಗರ):
ಅರ್ಥ ಆಯ್ತು ಸರ್. ಹಾಗಾದರೆ ಅಲ್ಲೇ ತಗೊಂಡರೆ ಯಾವ ಥರದ್ದು? ಅವಳಿಗೆ ಈಗಿರೋ ಹಾಗೆ 17 ಇಂಚೇ ಬೇಕಂತೆ, ಕಪ್ಪು ಬೆಳ್ಳಿ ಎರಡು ಬಣ್ಣದ್ದು.

ಉತ್ತರ:
ಬೇಸಿಗೆಗೆ ಅದಿರಲಿ. ಚಳಿಗಾಲಕ್ಕೆ 16 ಇಂಚಿಗೆ ಇಳಿಯೋದು ಒಳ್ಳೇದು. ಅದೇ ಸಿವಿಕ್‌ನ ಕೆಳಗಿನ ಮಾಡೆಲ್‌ಗೆ ಕಂಪನಿಯೇ 215/55 ಆರ್16 ಕೊಟ್ಟಿದೆ, ಹಾಗಾಗಿ ಬ್ರೇಕಿಗೆ ತಾಗುತ್ತಾ ಅನ್ನೋ ಭಯ ಇಲ್ಲ. ಹೊರಗಿನ ವ್ಯಾಸ 647ರಿಂದ 643 ಮಿ.ಮೀ.ಗೆ ಬರುತ್ತದೆ, ಸ್ಪೀಡೋಮೀಟರ್‌ನಲ್ಲಿ ಗೊತ್ತೇ ಆಗಲ್ಲ. ಆದರೆ ಟೈರಿನ ಪಕ್ಕದ ಗೋಡೆ ಸುಮಾರು 107ರಿಂದ 118 ಮಿ.ಮೀ. ಆಗುತ್ತದೆ. ಹಿಮದಡಿ ಮುಚ್ಚಿಹೋದ ಗುಂಡಿಗೆ ಬಿದ್ದಾಗ ರಿಮ್ ಉಳಿಸೋದು ಆ ಒಂದು ಸೆಂಟಿಮೀಟರ್ ರಬ್ಬರೇ. ಟೈರೂ ಅಗ್ಗ.

ಎರಡು ಬಣ್ಣದ್ದು ಖಂಡಿತ ಬೇಡ. ಅದರ ಮುಖವನ್ನು ಲೇತ್‌ನಲ್ಲಿ ಕೊಯ್ದು ಮೇಲೆ ತೆಳುವಾದ ಪಾರದರ್ಶಕ ಲೇಪ ಮಾತ್ರ ಕೊಟ್ಟಿರುತ್ತಾರೆ. ಒಂದು ಕಲ್ಲು ತಾಗಿ ಲೇಪ ಚಕ್ಕೆ ಎದ್ದರೆ ಸಾಕು, ರಸ್ತೆಯ ಉಪ್ಪುನೀರು ಒಳಗೆ ನುಗ್ಗಿ ಬಿಳೀ ಹುಳು ಹರಿದಂತೆ ಗೆರೆ ಬೀಳುತ್ತದೆ. ಅಷ್ಟೂ ಬಣ್ಣ ಅಥವಾ ಪೌಡರ್ ಕೋಟಿಂಗ್ ಮಾಡಿದ, ಸರಳ ಕಡ್ಡಿಗಳ ಅಲಾಯ್ ತಗೊಳ್ಳಲಿ. ಸಂದಿಗೊಂದಿ ಜಾಸ್ತಿ ಇದ್ದರೆ ಹಿಮ ಒಳಗೆ ಗಟ್ಟಿಯಾಗಿ ಕಾರು ಅದುರುತ್ತದೆ. ಬಜೆಟ್ ಕಡಿಮೆ ಇದ್ದರೆ ಕಬ್ಬಿಣದ ಚಕ್ರ. ತುಕ್ಕು ಹಿಡಿಯುತ್ತದೆ, ಚೆಂದ ಇಲ್ಲ, ಆದರೆ ಏಟು ಬಿದ್ದರೆ ಅಲಾಯ್ ಥರ ಸೀಳೋದಕ್ಕಿಂತ ಬಗ್ಗೋದೇ ಹೆಚ್ಚು. ನನ್ನ ಮಗಳಾಗಿದ್ದರೆ ಅದನ್ನೇ ಹಾಕಿಸುತ್ತಿದ್ದೆ, ಅವಳು ಬೈದುಕೊಂಡರೂ.

ಈಗ ನಟ್ ವಿಷಯ. ಇದನ್ನು ಯಾರೂ ಕೇಳಲ್ಲ, ಆದರೆ ಅಪಾಯ ಇರೋದೇ ಇಲ್ಲಿ. ಹೋಂಡಾ ಕಂಪನಿ ಚಕ್ರದಲ್ಲಿ ನಟ್ ಕೂರುವ ಜಾಗ ಗೋಲಿಯಂತೆ ದುಂಡಗೆ ಇರುತ್ತದೆ. ಹೊರಗಿನ ಕಂಪನಿಗಳ ಚಕ್ರಗಳಲ್ಲಿ ಸಾಮಾನ್ಯವಾಗಿ 60 ಡಿಗ್ರಿ ಶಂಕುವಿನಾಕಾರ. ಹಳೇ ದುಂಡನೆ ನಟ್ಟನ್ನೇ ಶಂಕುವಿನ ಗುಳಿಗೆ ಬಿಗಿದರೆ ಕೈಗೆ ಬಿಗಿ ಅನಿಸುತ್ತದೆ, ಆದರೆ ತಾಗುವುದು ಒಂದು ಗೆರೆಯಷ್ಟು ಮಾತ್ರ. ಓಡುತ್ತಾ ಓಡುತ್ತಾ ಸಡಿಲ ಆಗುತ್ತದೆ. ಹಾಗಾಗಿ ಚಕ್ರದ ಜತೆಗೇ 12ಕ್ಕೆ 1.5 ಥ್ರೆಡ್‌ನ ಶಂಕು ನಟ್ 20 ತಗೊಳ್ಳಲಿ, ಹಳೇದನ್ನು ಬೇಸಿಗೆ ಚಕ್ರಕ್ಕೆ ಅಂತ ಬೇರೆ ಚೀಲದಲ್ಲಿ ಹೆಸರು ಬರೆದು ಇಡಲಿ.

ಪ್ರಶ್ನೆ (ಬೊಮ್ಮನಹಳ್ಳಿಯಿಂದ):
ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನಮ್ಮಲ್ಲೂ ಚಳಿಗಾಲದ ಟೈರ್ ಹಾಕಿದರೆ ಮಳೆಯಲ್ಲಿ ಗ್ರಿಪ್ ಜಾಸ್ತಿ ಸಿಗಲ್ವಾ? ಮತ್ತೆ ನನ್ನ ಕ್ರೆಟಾಗೆ 18 ಇಂಚು ಹಾಕಿಸೋಣ ಅಂತಿದ್ದೆ.

ಉತ್ತರ:
ಚಳಿಗಾಲದ ಟೈರಿನ ರಬ್ಬರ್ ಮೆತ್ತಗೆ. ಸುಮಾರು 7 ಡಿಗ್ರಿಗಿಂತ ಕೆಳಗೆ ಮಾಮೂಲಿ ಟೈರ್ ಗಡುಸಾಗುತ್ತದೆ, ಆಗಲೂ ಇದು ಮೆತ್ತಗೇ ಇರಲಿ ಅಂತ ಮಾಡಿರೋದು. ಬೆಂಗಳೂರಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ನಮ್ಮ ಏಪ್ರಿಲ್ ಬಿಸಿಲಿಗೆ ಆ ಟೈರ್ ಬೇಗ ಸವೆದುಹೋಗುತ್ತದೆ, ಬ್ರೇಕ್ ಹಿಡಿದರೆ ಕಾರು ನಿಲ್ಲೋಕೂ ಜಾಸ್ತಿ ದೂರ ಬೇಕು. ಬೇಡ.

18 ಇಂಚಿನ ವಿಷಯಕ್ಕೆ ನನ್ನ ಉತ್ತರ ಮೇಲಿನದೇ, ಹಿಮದ ಜಾಗದಲ್ಲಿ ಮಳೆನೀರು ತುಂಬಿದ ಗುಂಡಿ ಅಂದುಕೊಳ್ಳಿ. 215/60 ಆರ್17ರಲ್ಲಿ ಪಕ್ಕದ ಗೋಡೆ 129 ಮಿ.ಮೀ., 215/55 ಆರ್18ರಲ್ಲಿ 118. ಮಳೆಗಾಲ ಶುರುವಾದರೆ ನಮ್ಮಲ್ಲಿಗೆ ಬರೋದೇ ಅಂಥ ಕಾರುಗಳು. ಹೊರಗಿನಿಂದ ಚಕ್ರ ಹೊಸದರಂತೆ ಹೊಳೀತಿರುತ್ತದೆ. ಬಿಚ್ಚಿ ತಿರುಗಿಸಿದರೆ ಒಳಗಿನ ಅಂಚು ಬಗ್ಗಿರುತ್ತದೆ, ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಗುಳ್ಳೆ. ಬಗ್ಗಿದ ಅಲಾಯನ್ನು ಕಾಯಿಸಿ ಬಡಿದು ನೇರ ಮಾಡಿಕೊಡೋರು ಇದ್ದಾರೆ, ಆದರೆ ಬಿರುಕು ಬಿಟ್ಟಿದ್ದರೆ ಬೆಸುಗೆ ಹಾಕಿಸಿಕೊಂಡು ಓಡಿಸಬೇಡಿ. ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ ಇರೋ ಸೈಜಿನಲ್ಲೇ ಒಳ್ಳೇ ಟೈರ್ ಹಾಕಿಸಿ.

ಪ್ರಶ್ನೆ (ರಾಜಾಜಿನಗರ):
ಸರ್, ಕೊನೇದು. ಕಾನೂನು ಏನು ಹೇಳುತ್ತೆ? ಮತ್ತೆ ಟೈರ್ ಪ್ರೆಶರ್ ಲೈಟ್ ಹತ್ತುತ್ತೆ ಅಂತಾರಲ್ಲ? ಬರಿಗೈಲಿ ಹೋಗೋಕೆ ಮನಸ್ಸಿಲ್ಲ, ಇಲ್ಲಿಂದ ಏನಾದರೂ ಒಯ್ಯಬಹುದಾ?

ಉತ್ತರ:
ಮಾಂಟ್ರಿಯಲ್ ಇರೋ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು, ಆ ಗುರುತು ಇರಬೇಕು. ಎಂ ಪ್ಲಸ್ ಎಸ್ (ಮಡ್ ಮತ್ತು ಸ್ನೋ, ಅಂದರೆ ಕೆಸರು, ಹಿಮ) ಅಂತ ಅಕ್ಷರ ಮಾತ್ರ ಇದ್ದರೆ ಸಾಲದು. ನಾಲ್ಕಕ್ಕೆ ನಾಲ್ಕೂ ಒಂದೇ ಥರದ್ದು ಹಾಕಿಸಲಿ. ಮುಂದೆ ಎರಡು ಮಾತ್ರ ಹಾಕಿದರೆ ತಿರುವಿನಲ್ಲಿ ಹಿಂಭಾಗ ಜಾರುತ್ತದೆ.

ಲೈಟ್ ಬಗ್ಗೆ ಚಿಂತೆ ಬೇಡ. ಆ ಸಿವಿಕ್‌ನಲ್ಲಿ ಚಕ್ರದೊಳಗೆ ಸೆನ್ಸರ್ ಇಲ್ಲ, ಎ.ಬಿ.ಎಸ್. ಮೂಲಕ ಚಕ್ರಗಳ ವೇಗ ಹೋಲಿಸಿ ಗಾಳಿ ಕಡಿಮೆ ಆಗಿದೆಯಾ ಅಂತ ಕಂಡುಹಿಡಿಯುತ್ತದೆ. ಚಕ್ರ ಬದಲಿಸಿ ಗಾಳಿ ತುಂಬಿಸಿದ ಮೇಲೆ ಮೆನುವಿನಲ್ಲಿ ಕ್ಯಾಲಿಬ್ರೇಟ್ ಕೊಟ್ಟರೆ ಮುಗೀತು.

ಒಯ್ಯೋದಾದರೆ ನ್ಯೂಟನ್ ಮೀಟರ್ ಗುರುತಿರುವ ಒಂದು ಟಾರ್ಕ್ ರೆಂಚ್ (ನಟ್ ಎಷ್ಟು ಬಿಗಿಯಾಯ್ತು ಅಂತ ತೋರಿಸೋ ಸ್ಪ್ಯಾನರ್), 19ರ ಸಾಕೆಟ್ ಒಯ್ಯಿರಿ. ಆ ಕಾರಿನ ಚಕ್ರದ ನಟ್ಟಿಗೆ 108 ನ್ಯೂಟನ್ ಮೀಟರ್ ಬಿಗಿ. ಅಂಗಡಿಯಲ್ಲಿ ಏರ್ ಗನ್ ಹಿಡಿದು ಟರ್ರ್ ಅನ್ನಿಸಿ ಕಳಿಸಿದರೂ, ನೂರು ಕಿಲೋಮೀಟರ್ ಓಡಿದ ಮೇಲೆ ಮಗಳು ತಾನೇ ಒಂದು ಸಲ ಬಿಗಿ ನೋಡಲಿ. ರೆಂಚನ್ನು ಕೈಚೀಲದಲ್ಲಿ ಹಾಕಬೇಡಿ ಸರ್, ಸೆಕ್ಯುರಿಟಿಯಲ್ಲಿ ತೆಗೆದಿಟ್ಟುಕೊಳ್ತಾರೆ, ಚೆಕ್ ಇನ್ ಪೆಟ್ಟಿಗೆಗೆ ಹಾಕಿ.