ಸೆಕೆಗಾಲದಲ್ಲಿ ಶಟಲ್ ಹೆಚ್ಚು ದೂರ ಹೋಗುವುದೇಕೆ?

ಪ್ರಶ್ನೆ (ಉಡುಪಿಯಿಂದ):
ಇಲ್ಲಿ ಮಕ್ಕಳಿಗೆ ಬ್ಯಾಡ್ಮಿಂಟನ್ ಹೇಳಿಕೊಡುತ್ತೇನೆ. ಜನವರಿಯ ಬೆಳಗ್ಗೆ ಅಂಕಣದೊಳಗೇ ಬೀಳುವ ಶಟಲ್, ಮೇ ತಿಂಗಳ ಮಧ್ಯಾಹ್ನ ಅಷ್ಟೇ ಬಲದ ಹೊಡೆತಕ್ಕೆ ಹಿಂದಿನ ಗೆರೆ ದಾಟುತ್ತದೆ. ಬೆಂಗಳೂರಿನ ಪಂದ್ಯಗಳಲ್ಲಂತೂ ಇದು ಇನ್ನೂ ಹೆಚ್ಚು. ಎತ್ತರದ ಊರಿನ ಗಾಳಿ ತೆಳುವೆಂಬುದನ್ನು ಒಪ್ಪಬಹುದು. ಆದರೆ ಮೇ ತಿಂಗಳಲ್ಲಿ ನಮ್ಮ ಕರಾವಳಿಯ ಗಾಳಿ ತೇವಾಂಶದಿಂದ ಭಾರವಾಗಿ ಶಟಲನ್ನು ಇನ್ನಷ್ಟು ತಡೆಯಬೇಕಿತ್ತಲ್ಲವೇ? ಬಲ್ಲವರು ವಿವರಿಸಬೇಕಾಗಿ ವಿನಂತಿ.

ಉತ್ತರ (ಮಂಗಳೂರಿನಿಂದ):
ಸೆಕೆಯ ಗಾಳಿ ಭಾರವೆನಿಸುವುದು ಮೈಯ ಬೆವರು ಆರದ ಕಾರಣಕ್ಕೆ. ತೂಗಿ ನೋಡಿದರೆ ಅದು ಒಣಗಾಳಿಗಿಂತ ಹಗುರ. ಒಂದೇ ಉಷ್ಣತೆ ಮತ್ತು ಒತ್ತಡದಲ್ಲಿ ಸಮಾನ ಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮಾನವೆಂದು ಅವೊಗಾಡ್ರೊ 1811ರಲ್ಲಿ ಪ್ರತಿಪಾದಿಸಿದರು. ಆದ್ದರಿಂದ ನೀರಾವಿ ಬೆರೆತ ಗಾಳಿಯಲ್ಲಿ, ಅಷ್ಟೇ ಜಾಗದೊಳಗೆ, 28 ತೂಕದ ಸಾರಜನಕ ಮತ್ತು 32 ತೂಕದ ಆಮ್ಲಜನಕದ ಕೆಲವು ಅಣುಗಳ ಸ್ಥಾನದಲ್ಲಿ ಕೇವಲ 18 ತೂಕದ ನೀರಿನ ಅಣುಗಳಿರುತ್ತವೆ. (ಮಂಜಿನ ಹನಿಗಳ ವಿಷಯ ಬೇರೆ, ನಾನು ಹೇಳುತ್ತಿರುವುದು ಕಣ್ಣಿಗೆ ಕಾಣದ ಆವಿಯ ಮಾತು.)

ಆದರೂ ನಿಮ್ಮ ಅನುಭವಕ್ಕೆ ಮುಖ್ಯ ಕಾರಣ ತೇವಾಂಶವಲ್ಲ, ತಾಪ. ಒತ್ತಡವನ್ನು 1010 ಹೆಕ್ಟೊಪಾಸ್ಕಲ್ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, 22 ಡಿಗ್ರಿ ತಾಪ ಮತ್ತು ಶೇ 75 ಆರ್ದ್ರತೆಯ ಬೆಳಗ್ಗೆ ಒಂದು ಘನ ಮೀಟರ್ ಗಾಳಿ ಸುಮಾರು 1.18 ಕಿಲೋಗ್ರಾಂ ತೂಗಿದರೆ, 33 ಡಿಗ್ರಿ ಮತ್ತು ಶೇ 70 ಆರ್ದ್ರತೆಯ ಮಧ್ಯಾಹ್ನ 1.13 ಕಿಲೋಗ್ರಾಂ ತೂಗುತ್ತದೆ. ಈ ಶೇ 4ರಷ್ಟು ಇಳಿಕೆಯಲ್ಲಿ ಆವಿಯ ಪಾಲು ಶೇ 0.6ರ ಆಸುಪಾಸು ಮಾತ್ರ. ಶಟಲಿನ ಓಟವನ್ನು ಕುಗ್ಗಿಸುವ ಗಾಳಿತಡೆ ಸಾಂದ್ರತೆಗೆ, ಅಂದರೆ ಒಂದು ಘನ ಮೀಟರ್ ಗಾಳಿಯ ತೂಕಕ್ಕೆ, ಅನುಗುಣವಾಗಿರುವುದರಿಂದ, ಐದು ಗ್ರಾಂ ತೂಕದ ವಸ್ತುವಿಗೆ ಇಷ್ಟು ವ್ಯತ್ಯಾಸವೇ ಸಾಕು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ತಾಪ ಏರಿದಾಗ ಗಾಳಿ ತೆಳುವಾಗುವುದಾದರೆ, ನಮಗಿಂತ ತಂಪಾದ ಬೆಂಗಳೂರಿನಲ್ಲಿ ಅದು ದಟ್ಟವಾಗಿರಬೇಕಲ್ಲವೇ?

ಉತ್ತರ (ಮಂಗಳೂರಿನಿಂದ):
ತಂಪು ಗಾಳಿಯನ್ನು ದಟ್ಟಗೊಳಿಸುವುದು ನಿಜ, ಆದರೆ ಒತ್ತಡದ ಇಳಿಕೆ ಅದನ್ನು ಮೀರಿಸುತ್ತದೆ. ಪ್ರಮಾಣಿತ ವಾಯುಮಂಡಲದಲ್ಲಿ (ಲೆಕ್ಕಕ್ಕಾಗಿ ಒಪ್ಪಿಕೊಂಡ ಸರಾಸರಿ ವಾತಾವರಣದಲ್ಲಿ) ಸಮುದ್ರಮಟ್ಟದಿಂದ ಒಂದು ಕಿಲೋಮೀಟರ್ ಮೇಲೇರಿದರೆ ತಾಪ 6.5 ಡಿಗ್ರಿ ಇಳಿದು ಸಾಂದ್ರತೆಯನ್ನು ಶೇ 2ಕ್ಕಿಂತ ತುಸು ಹೆಚ್ಚಿಸುತ್ತದೆ; ಅದೇ ಏರಿಕೆಯಲ್ಲಿ, ಮೇಲಿನ ಗಾಳಿಯ ಹೊರೆ ಕಡಿಮೆಯಾಗುವುದರಿಂದ, ಒತ್ತಡ ಶೇ 11ರಷ್ಟು ಕುಸಿಯುತ್ತದೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿ 27 ಡಿಗ್ರಿಯ ದಿನವೂ ಸಾಂದ್ರತೆ 1.05ರ ಹತ್ತಿರವಿದ್ದು, ನಮ್ಮ ಮೇ ಮಧ್ಯಾಹ್ನಕ್ಕಿಂತ ಶೇ 7ರಿಂದ 8ರಷ್ಟು ಕಡಿಮೆ.

ಇನ್ನೊಂದು ಉತ್ತರ:
ವಿಮಾನ ಚಾಲಕರು ಇದೇ ಲೆಕ್ಕವನ್ನು ಸಾಂದ್ರತಾ ಎತ್ತರವೆನ್ನುತ್ತಾರೆ. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಮೇಲಷ್ಟೇ ಇದ್ದರೂ, ಮೇಲೆ ಹೇಳಿದಂಥ ಮಧ್ಯಾಹ್ನ ಅಲ್ಲಿ ರೆಕ್ಕೆಗೆ ಸಿಗುವ ಗಾಳಿ, ಪ್ರಮಾಣಿತ ವಾಯುಮಂಡಲದ 900 ಮೀಟರ್ ಎತ್ತರದ ಗಾಳಿಯಷ್ಟು ತೆಳುವಾಗಿರುತ್ತದೆ. ಮೇಲೇರಲು ಹೆಚ್ಚು ಓಟ ಬೇಕಾಗುತ್ತದೆ.

ಶಟಲಿನ ಡಬ್ಬಿಯ ಮೇಲೆ 75, 76, 77 ಎಂಬ ವೇಗದ ಸಂಖ್ಯೆಗಳಿರುತ್ತವೆ. ಗಾಳಿ ತೆಳುವಾದಷ್ಟೂ ಕಡಿಮೆ ಸಂಖ್ಯೆಯದನ್ನು ಆರಿಸಿಕೊಳ್ಳಬೇಕು. ಜನವರಿಗೆ 77 ಸರಿಹೋದಲ್ಲಿ ಮೇ ತಿಂಗಳಿಗೆ 76 ತರಿಸಿ, ಹಿಂದಿನ ಗೆರೆಯಿಂದ ಕೆಳಗೈಯಲ್ಲಿ ಪೂರ್ಣಬಲದಿಂದ ಹೊಡೆದು ಪರೀಕ್ಷಿಸಿ. ನಿಯಮದ ಪ್ರಕಾರ ಅದು ಎದುರಿನ ಹಿಂಗೆರೆಗಿಂತ 530ರಿಂದ 990 ಮಿಲಿಮೀಟರ್ ಒಳಗೆ ಬೀಳಬೇಕು.