ಕರೆದರೆ ಬರಲ್ಲ, ಮಳೆಗೆ ಹೊರಗೆ ಹೋಗಲ್ಲ: ನಾಯಿ ಸಾಕುವವರ ಪ್ರಶ್ನೋತ್ತರ

ಗ್ರೂಪಿನ ಎಲ್ಲರಿಗೂ ನಮಸ್ಕಾರ. ನಾನು ಪಶುವೈದ್ಯೆ. ಕುಮಟಾ ಕಡೆ ಕ್ಲಿನಿಕ್ ನಡೆಸುತ್ತೇನೆ, ಮನೆಗಳಿಗೆ ಹೋಗಿ ನಾಯಿ ಪಳಗಿಸುವುದನ್ನೂ ಹೇಳಿಕೊಡುತ್ತೇನೆ. ಪ್ರಶ್ನೆಗಳನ್ನೆಲ್ಲ ಓದಿದೆ. ಹೆಚ್ಚಿನವು "ನಮ್ಮ ನಾಯಿ ಹೀಗೆ ಮಾಡುತ್ತದೆ" ಅಂತ ಶುರುವಾಗಿ ಅಲ್ಲೇ ಮುಗಿದಿವೆ. ಅದು ಹಾಗೆ ಮಾಡಿದ ಮರುಕ್ಷಣ ಮನೆಯವರು ಏನು ಮಾಡಿದರು ಅಂತ ಬರೆದವರು ಕಡಿಮೆ. ನಾಯಿ ಕಲಿಯುವುದೇ ಆ ಮರುಕ್ಷಣದಿಂದ, ಹಾಗಾಗಿ ನನ್ನ ಉತ್ತರವೆಲ್ಲ ಅದರ ಸುತ್ತವೇ ಇರುತ್ತದೆ.

ಪ್ರಶ್ನೆ (ಶಿರಸಿ, ಹುಲೇಕಲ್ ಕಡೆ): ಡಾಕ್ಟ್ರೇ, ನಮ್ಮ ಮರಿಗೆ ಎರಡೂವರೆ ತಿಂಗಳು. ಜಡಿಮಳೆ ಹಿಡಿದಿದೆ. ಅಂಗಳಕ್ಕೆ ಬಿಟ್ಟರೆ ನಡುಗುತ್ತಾ ಒಳಗೆ ಓಡಿ ಬರುತ್ತದೆ, ಬಂದು ಜಗಲಿಯಲ್ಲೇ ಉಚ್ಚೆ ಹೊಯ್ಯುತ್ತದೆ. ಮೊನ್ನೆ ದೇವರ ಕೋಣೆ ಬಾಗಿಲಲ್ಲೇ ಮಾಡಿತು. ಮೂತಿ ಹಿಡಿದು ಅಲ್ಲೇ ಉಜ್ಜಿದರೆ ಬುದ್ಧಿ ಬರುತ್ತದೆ ಅಂತ ಅಪ್ಪಯ್ಯ ಹೇಳುತ್ತಾರೆ. ನಿಜವಾ?

ಉತ್ತರ: ಖಂಡಿತ ಬೇಡ. ಮೂತಿ ಉಜ್ಜಿದರೆ "ಇಲ್ಲಿ ಹೊಯ್ಯಬಾರದು" ಅಂತ ಅದಕ್ಕೆ ಗೊತ್ತಾಗುವುದಿಲ್ಲ. "ಇವರ ಎದುರಿಗೆ ಹೊಯ್ಯಬಾರದು" ಅಂತ ಮಾತ್ರ ಗೊತ್ತಾಗುತ್ತದೆ. ಆಮೇಲೆ ಮಂಚದ ಅಡಿಗೆ, ಅಕ್ಕಿ ಚೀಲದ ಹಿಂದೆ ಹೋಗಿ ಮಾಡುತ್ತದೆ. ನೀವು ಹೊರಗೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ನಿಂತರೆ ಹೆದರಿ ತಡೆದುಕೊಳ್ಳುತ್ತದೆ, ಒಳಗೆ ಬಂದ ಕೂಡಲೇ ಹೊಯ್ಯುತ್ತದೆ. ಅಪ್ಪಯ್ಯನವರಿಗೆ ಇದನ್ನು ಸಮಾಧಾನವಾಗಿ ಹೇಳಿ. ಹಿಂದಿನಿಂದ ಎಲ್ಲರೂ ಹಾಗೆ ಮಾಡುತ್ತಾ ಬಂದಿದ್ದಾರೆ, ಅವರದ್ದೊಬ್ಬರದ್ದೇ ಅಲ್ಲ.

ಮರಿಗೆ ತಡೆದುಕೊಳ್ಳುವ ಶಕ್ತಿಯೇ ಕಡಿಮೆ. ತಿಂಗಳಿಗೆ ಒಂದು ಗಂಟೆ ಅಂತ ಒಂದು ಅಂದಾಜು ಲೆಕ್ಕ ಇದೆ, ಅಂದರೆ ನಿಮ್ಮ ಮರಿ ಹಗಲಲ್ಲಿ ಹೆಚ್ಚೆಂದರೆ ಎರಡು, ಎರಡೂವರೆ ಗಂಟೆ. ನಿದ್ದೆಯಿಂದ ಎದ್ದ ಕೂಡಲೇ, ಊಟ ಆಗಿ ಹತ್ತು ಹದಿನೈದು ನಿಮಿಷಕ್ಕೆ, ಆಟದ ನಡುವೆ ಇದ್ದಕ್ಕಿದ್ದಂತೆ ಮೂಗು ನೆಲಕ್ಕಿಟ್ಟು ಸುತ್ತು ಹಾಕಲು ಶುರು ಮಾಡಿದಾಗ, ಈ ಮೂರು ಹೊತ್ತಿಗೆ ನೀವಾಗಿಯೇ ಎತ್ತಿಕೊಂಡು ಹೋಗಿ. ಅದು ಕೇಳಲಿ ಅಂತ ಕಾಯಬೇಡಿ. ಈ ವಯಸ್ಸಿಗೆ ಕೇಳಲು ಬರುವುದಿಲ್ಲ.

ಇನ್ನು ಮಳೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳ ಅಂದರೆ ನೀರೇ, ಅಲ್ವಾ. ಅಂಗೈಯಷ್ಟಿರುವ ಮರಿಯನ್ನು ಅದಕ್ಕೆ ಇಳಿಸಿ "ಹೊಯ್ಯಿ" ಅಂದರೆ ಅದು ಪಾಪ ಏನು ಮಾಡೀತು. ಕೊಟ್ಟಿಗೆ ಪಕ್ಕವೋ ಕಟ್ಟಿಗೆ ಕೂಡಿಟ್ಟ ಮಾಡಿನ ಅಡಿಯಲ್ಲೋ ಒಂದು ಮೂಲೆ ನೋಡಿ. ಅಲ್ಲಿ ಒಂದು ಬುಟ್ಟಿ ಮಣ್ಣು ಹಾಕಿ, ಮೇಲೆ ಎರಡು ಹಿಡಿ ದರಕು (ಒಣ ಎಲೆ) ಹರಡಿ. ಮನೆಯೊಳಗೆ ಹೊಯ್ದಾಗ ಒರೆಸಿದ ಬಟ್ಟೆಯನ್ನು ಮೊದಲ ದಿನ ಆ ಮಣ್ಣಿನ ಮೇಲೆ ಇಡಿ. ವಾಸನೆ ಹಿಡಿದರೆ ಜಾಗ ಗೊತ್ತಾಗುತ್ತದೆ. ಪ್ರತಿ ಸಲ ಅದೇ ಬಾಗಿಲಿಂದ, ಅದೇ ಜಾಗಕ್ಕೆ. ಹಗ್ಗ ಹಿಡಿದು ಸುಮ್ನೆ ನಿಂತುಕೊಳ್ಳಿ, ಆಟ ಆಡಿಸಬೇಡಿ. ಹೊಯ್ದು ಮುಗಿಸಿದ ತಕ್ಷಣ, ಅಲ್ಲೇ, "ಶಹಬ್ಬಾಸ್" ಹೇಳಿ ಒಂದು ಚೂರು ತಿನ್ನಲು ಕೊಡಿ. ಒಳಗೆ ಕರೆತಂದು ಕೊಟ್ಟರೆ ಒಳಗೆ ಬಂದಿದ್ದಕ್ಕೆ ಸಿಕ್ಕಿತು ಅಂದುಕೊಳ್ಳುತ್ತದೆ.

ಒಳಗೆ ಹೊಯ್ದಿದ್ದನ್ನು ಬರೀ ಫಿನಾಯಿಲ್ ಹಾಕಿ ಒರೆಸಿದರೆ ನಮ್ಮ ಮೂಗಿಗೆ ವಾಸನೆ ಹೋಗುತ್ತದೆ, ಅದರ ಮೂಗಿಗೆ ಹೋಗಿರುವುದಿಲ್ಲ. ಸಮ ಪಾಲು ವಿನೆಗರ್ ಮತ್ತು ನೀರು ಬೆರೆಸಿ ಒರೆಸಿ. ಸಗಣಿ ಸಾರಿಸಿದ ನೆಲವಾದರೆ ಆ ಜಾಗ ಕೆರೆದು ಮತ್ತೆ ಸಾರಿಸಬೇಕು. ಐದಾರು ತಿಂಗಳಾಗುವಾಗ ಹೆಚ್ಚಿನ ಮರಿಗಳು ಸರಿಹೋಗುತ್ತವೆ. ಆದರೆ ಹತ್ತು ನಿಮಿಷಕ್ಕೊಮ್ಮೆ ಎರಡು ಹನಿ ಹೊಯ್ಯುತ್ತಿದ್ದರೆ, ಬಣ್ಣ ಕೆಂಪಗಿದ್ದರೆ ಅದು ಅಭ್ಯಾಸದ ಮಾತಲ್ಲ, ಕಾಯಿಲೆ. ತೋರಿಸಿ.

ಇದರ ಕೆಳಗೆ ಇನ್ನೊಬ್ಬರು: ಲಸಿಕೆ ಎಲ್ಲ ಮುಗಿಯುವವರೆಗೆ ಮರಿಯನ್ನು ಹೊರಗೇ ತೆಗೆಯಬೇಡಿ ಅನ್ನುತ್ತಾರಲ್ಲ ಮೇಡಂ?

ಉತ್ತರ: ನಿಮ್ಮ ಮನೆಯ ಆ ಮೂಲೆ ಬಿಟ್ಟು ಬೇರೆ ಕಡೆ ನೆಲಕ್ಕೆ ಬಿಡಬೇಡಿ, ಎತ್ತಿಕೊಂಡು ಹೋಗಿ. ಪಾರ್ವೋ ಅನ್ನುವ ವೈರಸ್ ಕಾಯಿಲೆ ದೊಡ್ಡ ಹೆದರಿಕೆಯೇ, ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮೊದಲ ಲಸಿಕೆ 6ರಿಂದ 8 ವಾರಕ್ಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಸುಮಾರು 16 ವಾರ ಆಗುವವರೆಗೆ. ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಆದರೆ ಲೋಕವನ್ನು ಹೆದರದೆ ನೋಡಲು ಮರಿ ಕಲಿಯುವುದು 3ನೇ ವಾರದಿಂದ ಸುಮಾರು 14ನೇ ವಾರದ ಒಳಗೆ. ಆಗ ಮನೆಯೊಳಗೇ ಇಟ್ಟರೆ ಮುಂದೆ ಛತ್ರಿ ಕಂಡರೂ, ಕಂಬಳಿಕೊಪ್ಪೆ ಹೊದ್ದವರು ಬಂದರೂ ಬೊಗಳುವ ನಾಯಿಯಾಗುತ್ತದೆ. ಎತ್ತಿಕೊಂಡು ಬಸ್‌ಸ್ಟ್ಯಾಂಡ್ ತೋರಿಸಿ, ಲಸಿಕೆ ಆದ ನಾಯಿ ಇರುವ ನೆಂಟರ ಮನೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ (ಕಾರವಾರ, ಕೋಡಿಬಾಗ): ನಮ್ಮ ಲ್ಯಾಬ್ರಡಾರ್‌ಗೆ ಎಂಟು ತಿಂಗಳು. ಮನೆಯಲ್ಲಿ ಕರೆದರೆ ಬರುತ್ತಾನೆ, ಟಾಗೋರ್ ಬೀಚಿನಲ್ಲಿ ಬಿಟ್ಟರೆ ಕಿವಿಯೇ ಕೇಳುವುದಿಲ್ಲ. ರಂಪಣಿ ಬಲೆ ಎಳೆಯುವವರ ಹತ್ತಿರ ಓಡುತ್ತಾನೆ, ಬಿದ್ದ ಮೀನು ಬಾಯಿಗೆ ಹಾಕುತ್ತಾನೆ. ಹಿಡಿಯಲು ಹೋದರೆ ಆಟ ಅಂದುಕೊಂಡು ಇನ್ನೂ ದೂರ.

ಉತ್ತರ: ಬೀಚಿನಲ್ಲಿ ಅವನನ್ನು ನೀವು ಕರೆಯುವುದು ಯಾವಾಗ? ಮನೆಗೆ ಹೊರಡುವಾಗ, ಅಲ್ವಾ. ಬಂದರೆ ಹಗ್ಗ ಬೀಳುತ್ತದೆ, ಆಟ ಮುಗಿಯುತ್ತದೆ. ಹಾಗಾದರೆ ಯಾಕೆ ಬರಬೇಕು? ಕರೆಯಿರಿ, ಬಂದ ಕೂಡಲೇ ತಿನ್ನಲು ಕೊಡಿ, ಮತ್ತೆ "ಹೋಗು" ಅಂತ ಬಿಟ್ಟುಬಿಡಿ. ಹೀಗೆ ಬಹಳ ಸಲ ಕರೆದು ಬಿಟ್ಟು, ಒಂದು ಸಲ ಮಾತ್ರ ಹಗ್ಗ ಹಾಕಿ. ಸ್ನಾನಕ್ಕೆ, ಮಾತ್ರೆ ನುಂಗಿಸಲು, ಬೈಯಲು ಯಾವತ್ತೂ ಕರೆಯಬೇಡಿ. ಅದಕ್ಕೆಲ್ಲ ನೀವೇ ಅವನ ಹತ್ತಿರ ಹೋಗಿ.

ಮನೆಯಲ್ಲಿ ಅಜ್ಜಿ "ಯೋ" ಅನ್ನುತ್ತಾರಾ, ಅಪ್ಪ "ಕಮ್", ಮಕ್ಕಳು "ಬಾ"? ಒಂದನ್ನೇ ಇಟ್ಟುಕೊಳ್ಳಿ, ಕೊಂಕಣಿಯಾದರೂ ಸರಿ, ಕನ್ನಡವಾದರೂ ಸರಿ. ಒಂದೇ ಸಲ ಹೇಳಿ. ಹತ್ತು ಸಲ ಕೂಗಿದರೆ ಹತ್ತನೆಯದಕ್ಕೆ ಬಂದರಾಯಿತು ಅಂತ ಕಲಿಯುತ್ತಾನೆ.

ಸದ್ಯಕ್ಕೆ ಬೀಚಿನಲ್ಲಿ ಪೂರ್ತಿ ಬಿಡಬೇಡಿ. ಹತ್ತು ಮೀಟರಿನ ಹಗುರ ನೈಲಾನ್ ಹಗ್ಗವನ್ನು ಎದೆಪಟ್ಟಿಗೆ ಕಟ್ಟಿ, ಕುತ್ತಿಗೆಗಲ್ಲ. ಓಡಿದ ರಭಸಕ್ಕೆ ಹಗ್ಗ ಜಗ್ಗಿದರೆ ಕತ್ತಿಗೆ ಪೆಟ್ಟು. ಮೊದಲು ಮನೆಯ ಅಂಗಳ, ಆಮೇಲೆ ಗಾಳಿಮರದ ತೋಪಿನ ನೆರಳು, ಕೊನೆಗೆ ಬಲೆಯ ಹತ್ತಿರ. ಬರದಿದ್ದರೆ ಬೆನ್ನಟ್ಟಬೇಡಿ, ಉಲ್ಟಾ ದಿಕ್ಕಿಗೆ ನೀವೇ ಓಡಿ. ಹೆಚ್ಚಿನ ನಾಯಿಗಳು ಹಿಂದೆ ಬರುತ್ತವೆ.

ಬಿದ್ದ ಮೀನಿನ ವಿಷಯ ಸಣ್ಣದಲ್ಲ. ಹೊಟ್ಟೆ ಉಬ್ಬಿಸಿಕೊಳ್ಳುವ ಪಫರ್ ಮೀನನ್ನು ಬಲೆಯವರು ದಡದಲ್ಲೇ ಎಸೆದು ಹೋಗುತ್ತಾರೆ. ಅದರ ವಿಷ ನಾಯಿಯನ್ನು ಕೊಲ್ಲಬಹುದು. ಸತ್ತ ಮೀನಿನೊಳಗೆ ಗಾಳವೂ ಇರುತ್ತದೆ. ಅದಕ್ಕೆ "ಬಿಡು" ಕಲಿಸಿ. ಮುಷ್ಟಿಯಲ್ಲಿ ತಿಂಡಿ ಹಿಡಿದು ಅವನ ಮೂಗಿನ ಮುಂದೆ ಇಡಿ. ನೆಕ್ಕುತ್ತಾನೆ, ಕಾಲಿನಿಂದ ಕೆರೆಯುತ್ತಾನೆ, ಮುಷ್ಟಿ ತೆರೆಯಬೇಡಿ. ಸೋತು ಮೂತಿ ಒಂದಿಷ್ಟು ಹಿಂದೆ ತೆಗೆದ ಕ್ಷಣ "ಶಹಬ್ಬಾಸ್" ಹೇಳಿ ಇನ್ನೊಂದು ಕೈಯಿಂದ ಕೊಡಿ. ಮುಷ್ಟಿಯಲ್ಲಿದ್ದದ್ದನ್ನು ಕೊಡಬೇಡಿ. ಮೂತಿ ತಾನಾಗಿಯೇ ಹಿಂದೆ ಸರಿಯಲು ಶುರುವಾದ ಮೇಲೆ "ಬಿಡು" ಅನ್ನುವ ಮಾತು ಸೇರಿಸಿ. ಆಮೇಲೆ ನೆಲದ ಮೇಲಿಟ್ಟು ಮಾಡಿಸಿ, ಆಮೇಲೆ ಬೀಚು. ಒಂದು ಸಲಕ್ಕೆ ಐದು ನಿಮಿಷ ಸಾಕು, ಊಟಕ್ಕೆ ಮುಂಚೆ ಮಾಡಿದರೆ ಗಮನ ಜಾಸ್ತಿ.

ಕೆಳಗೆ: ಒಣಮೀನು ಕೊಡಬಹುದಾ? ಇನ್ನೊಬ್ಬರು: ನಮ್ಮದು ಸಸ್ಯಾಹಾರಿ ಮನೆ, ಮೊಟ್ಟೆಯೂ ಇಲ್ಲ.

ಉತ್ತರ: ಒಣಮೀನಿನಲ್ಲಿ ಉಪ್ಪು ವಿಪರೀತ, ಬೇಡ. ಉಪ್ಪು ಖಾರ ಹಾಕದೆ ಬೇಯಿಸಿದ ಬಂಗಡೆಯ ಮುಳ್ಳು ತೆಗೆದು, ತೊಗರಿಕಾಳಿನಷ್ಟು ಚೂರು ಮಾಡಿ. ಸಸ್ಯಾಹಾರಿ ಮನೆಯಲ್ಲಿ ಪನೀರ್, ಬೇಯಿಸಿದ ಸಿಹಿಗುಂಬಳ, ಉಪ್ಪಿಲ್ಲದ ಹುರಿದ ಶೇಂಗಾ, ಚಪಾತಿ ಚೂರು ಎಲ್ಲ ನಡೆಯುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕಲೇಟ್ ಒಂದು ಚೂರೂ ಬೇಡ.

ಪ್ರಶ್ನೆ (ಸಿದ್ದಾಪುರ): ನಮ್ಮ ನಾಯಿ ಹಗಲು ಸರಪಳಿಯಲ್ಲಿ, ರಾತ್ರಿ ಬಿಡುತ್ತೇವೆ. ಯಾರು ಬಂದರೂ ಹಾರುತ್ತದೆ, ನಮ್ಮ ಮೇಲೂ ಅಷ್ಟು ಪ್ರೀತಿ ಇಲ್ಲ. ಮೊದಲಿನ ನಾಯಿಯನ್ನು ಚಿರತೆ ಒಯ್ದಿತ್ತು.

ಉತ್ತರ: ರಾತ್ರಿ ಒಳಗೆ ಕರೆದುಕೊಳ್ಳಿ, ಇವತ್ತಿನಿಂದಲೇ. ಬಾಗಿಲಿರುವ ಜಗಲಿ, ಗಟ್ಟಿ ಕೊಟ್ಟಿಗೆ, ಯಾವುದಾದರೂ ಸರಿ. ಕಾಡಿನ ಪಕ್ಕದ ಮನೆಯಲ್ಲಿ ಚಿರತೆಗೆ ನಾಯಿ ಅಂದರೆ ಸುಲಭದ ಊಟ. ಒಳಗಿದ್ದರೂ ಅದಕ್ಕೆ ಸದ್ದು ಕೇಳುತ್ತದೆ, ಬೊಗಳಿ ನಿಮ್ಮನ್ನು ಎಬ್ಬಿಸುತ್ತದೆ. ಕಾವಲಿಗೆ ಅಷ್ಟು ಸಾಕು.

ಹಗಲಿಡೀ ಕಟ್ಟಿದ ನಾಯಿ ಜನ ಬರುವುದನ್ನು ನೋಡುತ್ತದೆ, ಮೂಸಲು ಸಿಗುವುದಿಲ್ಲ, ಓಡಿಹೋಗಲೂ ಆಗುವುದಿಲ್ಲ. ಉಳಿಯುವುದು ಹಾರುವುದೊಂದೇ. ಬೆಳಿಗ್ಗೆ ಸಂಜೆ ಒಂದೊಂದು ಸುತ್ತು ತೋಟದ ದಾರಿಯಲ್ಲಿ ಕರೆದುಕೊಂಡು ಹೋಗಿ. ಹಗ್ಗ ಎಳೆದರೆ ನಿಂತುಬಿಡಿ, ಸಡಿಲವಾದರೆ ನಡೆಯಿರಿ. ಮೂಸಲು ಬಿಡಿ, ಅವಸರ ಮಾಡಬೇಡಿ. ಊಟದಲ್ಲಿ ಒಂದು ಪಾಲನ್ನು ತಟ್ಟೆಗೆ ಸುರಿಯದೆ ಪಕ್ಕದಲ್ಲಿ ಕೂತು ಕೈಯಿಂದ ಕೊಡಿ. ಅದಕ್ಕೆ ನಿಮ್ಮ ಮೇಲೆ ಪ್ರೀತಿ ಇಲ್ಲ ಅಂತ ನನಗೆ ಅನ್ನಿಸುವುದಿಲ್ಲ. ನೀವು ಹತ್ತಿರ ಹೋಗುವುದು ಕಟ್ಟಲು, ಬಿಚ್ಚಲು, ಅನ್ನ ಹಾಕಲು ಮಾತ್ರ, ಅಷ್ಟರಲ್ಲಿ ಪ್ರೀತಿ ಬೆಳೆಯಲು ಹೊತ್ತೆಲ್ಲಿದೆ?

ನಿಮ್ಮ ತಾಲೂಕಿನವರಿಗೆ ಇನ್ನೊಂದು ಮಾತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆ ಸಿದ್ದಾಪುರದಲ್ಲೂ ಜೀವ ತೆಗೆದಿದೆ. ಹರಡುವುದು ಉಣುಗಿನಿಂದ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ. ಬೆಟ್ಟಕ್ಕೆ ಹೋಗಿ ಬಂದ ನಾಯಿ ಉಣುಗನ್ನು ಜಗಲಿಗೆ ತರಬಹುದು. ಹಾಗಾಗಿ ಮೈ ಮುಟ್ಟಿಸಿಕೊಳ್ಳುವುದನ್ನು ನಾಯಿಗೆ ಕಲಿಸಲೇಬೇಕು. ಕಿವಿ ಮುಟ್ಟಿ, ಒಂದು ಚೂರು ಕೊಡಿ. ಕಿವಿ ಮಡಚಿ ಒಳಗೆ ನೋಡಿ, ಇನ್ನೊಂದು ಚೂರು. ಆಮೇಲೆ ಪಾದ ಎತ್ತಿ ಬೆರಳ ಸಂದು, ಆಮೇಲೆ ಕಂಕುಳು, ಬಾಲದ ಬುಡ. ಕೊಸರಿದರೆ ಅಲ್ಲಿಗೆ ನಿಲ್ಲಿಸಿ, ಮರುದಿನ ಒಂದು ಹೆಜ್ಜೆ ಹಿಂದಿನಿಂದ ಶುರು ಮಾಡಿ. ಒತ್ತಿ ಹಿಡಿಯಬೇಡಿ. ಉಣುಗು ಸಿಕ್ಕರೆ ಕೈಗವಸು ಹಾಕಿ ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ, ಬೆರಳಲ್ಲಿ ಚಿವುಟಿ ಒಡೆಯಬೇಡಿ. ದಿನಾ ಹೀಗೆ ಮೈ ನೋಡಿಸಿಕೊಂಡ ನಾಯಿ ಆಮೇಲೆ ತಾನೇ ಬಂದು ಮಗ್ಗುಲಾಗುತ್ತದೆ. ಉಣುಗಿನ ಔಷಧಿಯನ್ನು ತೂಕ ನೋಡಿಸಿ ವೈದ್ಯರಿಂದಲೇ ಹಾಕಿಸಿ.

ಪ್ರಶ್ನೆ (ಅಂಕೋಲಾ): ತಿನ್ನುವಾಗ ಹತ್ತಿರ ಹೋದರೆ ಗುರ್ ಅನ್ನುತ್ತದೆ. ಮನೆಯಲ್ಲಿ ಆರು ವರ್ಷದ ಮಗ ಇದ್ದಾನೆ. ತಟ್ಟೆ ಕಿತ್ತುಕೊಂಡು ಯಜಮಾನ ಯಾರು ಅಂತ ತೋರಿಸಬೇಕು ಅನ್ನುತ್ತಾರೆ.

ಉತ್ತರ: ಕಿತ್ತುಕೊಂಡರೆ ಅದರ ಅನುಮಾನ ನಿಜವಾಯಿತು ಅಷ್ಟೇ. ಗುರ್ ಅನ್ನುವುದು ಎಚ್ಚರಿಕೆ. ಅದಕ್ಕೆ ಹೊಡೆದರೆ ಮುಂದೆ ಎಚ್ಚರಿಕೆ ಕೊಡದೆ ಕಚ್ಚುತ್ತದೆ. ದೊಡ್ಡವರು ಮಾತ್ರ, ದೂರದಿಂದ ಹಾದುಹೋಗುತ್ತಾ ತಟ್ಟೆಗಿಂತ ರುಚಿಯಾದ ಒಂದು ಚೂರನ್ನು ಅದರ ಕಡೆ ಎಸೆದು, ನಿಲ್ಲದೆ ಹೋಗಿಬಿಡಿ. ನಾಯಿ ಆರಾಮಾಗಿದ್ದರೆ ಮಾತ್ರ ದಿನ ಕಳೆದಂತೆ ಸ್ವಲ್ಪ ಹತ್ತಿರದಿಂದ. ಮಗ ಇದರಲ್ಲಿ ಬೇಡವೇ ಬೇಡ, ನಾಯಿ ತಿನ್ನುವಾಗ ನಡುವೆ ಬಾಗಿಲು ಹಾಕಿರಲಿ. ಹಲ್ಲು ತಾಗಿ ಚರ್ಮ ಕಿತ್ತರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ, ಮನೆಯ ನಾಯಿಯಾದರೂ. ಸುಣ್ಣ, ಅರಿಶಿನ, ಕಾಫಿಪುಡಿ ಏನೂ ಮೆತ್ತಬೇಡಿ.

ಪ್ರಶ್ನೆ (ಶಿರಸಿ): ಮರಿ ಅಂಗಳದಲ್ಲಿ ಒಣಹಾಕಿದ ಅಡಿಕೆ ಕಚ್ಚಿಕೊಂಡು ಓಡುತ್ತದೆ. ತೊಂದರೆ ಇದೆಯಾ?

ಉತ್ತರ: ಇದೆ. ಅಡಿಕೆಯಲ್ಲಿರುವ ಅರೆಕೋಲಿನ್ ಅನ್ನುವ ಅಂಶವನ್ನು ಹಿಂದೆ ನಾಯಿಗಳ ಲಾಡಿಹುಳು ಇಳಿಸಲು ಕೊಡುತ್ತಿದ್ದರು, ಅಷ್ಟು ಜೋರಾಗಿ ಹೊಟ್ಟೆ ಕಲಕುತ್ತದೆ. ಅಗಿದು ನುಂಗಿದರೆ ಜೊಲ್ಲು, ವಾಂತಿ, ಭೇದಿ, ನಡುಕ. ಇಡೀ ಅಡಿಕೆ ಕರುಳಿನಲ್ಲಿ ಸಿಕ್ಕಿಕೊಳ್ಳಲೂಬಹುದು. ಅಟ್ಟಿಸಿಕೊಂಡು ಹೋಗಬೇಡಿ, ಹೆದರಿ ನುಂಗುತ್ತದೆ. ಒಂದು ಚೂರು ತಿಂಡಿ ತೋರಿಸಿ ಬದಲು ಮಾಡಿಕೊಳ್ಳಿ. ಹಲ್ಲು ಬದಲಾಗುವ ನಾಲ್ಕರಿಂದ ಆರು ತಿಂಗಳಲ್ಲಿ ಏನಾದರೂ ಕಚ್ಚಲು ಬೇಕೇ ಬೇಕು, ಒದ್ದೆ ಬಟ್ಟೆಯನ್ನು ಗಂಟು ಹಾಕಿ ಫ್ರಿಜ್‌ನಲ್ಲಿಟ್ಟು ಕೊಡಿ. ತೆಂಗಿನ ಸಿಪ್ಪೆ ಬೇಡ, ನಾರು ಗಂಟಲಿಗೆ ಸಿಕ್ಕುತ್ತದೆ.

ಪ್ರಶ್ನೆ (ಹೊನ್ನಾವರ): ಬೀದಿಯಲ್ಲಿದ್ದ ದೊಡ್ಡ ನಾಯಿಯನ್ನು ತಂದಿದ್ದೇವೆ. ಹಿತ್ತಿಲ ಮೂಲೆ ಬಿಟ್ಟು ಬರುವುದಿಲ್ಲ, ಮುಟ್ಟಲು ಬಿಡುವುದಿಲ್ಲ. ಚೌತಿ ಪಟಾಕಿ ಹೊತ್ತಿಗೆ ಏನು ಮಾಡಲಿ ಅಂತ ಚಿಂತೆ.

ಉತ್ತರ: ಮುಟ್ಟುವ ಪ್ರಯತ್ನವನ್ನೇ ಸದ್ಯ ಬಿಡಿ. ದಿನಾ ಒಂದೇ ಹೊತ್ತಿಗೆ ಹೋಗಿ, ಅದಕ್ಕೆ ಪಕ್ಕ ಕೊಟ್ಟು ನೆಲದಲ್ಲಿ ಕೂತುಕೊಳ್ಳಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಚೂರುಗಳನ್ನು ಅದರ ಹಿಂದೆ ಬೀಳುವಂತೆ ಎಸೆಯಿರಿ. ನಿಮ್ಮಿಂದ ದೂರ ಹೋಗಿ ತಿಂದು ಮತ್ತೆ ತಿರುಗಿ ಬರುವ ಹೆಜ್ಜೆ ಅದರದ್ದೇ ಆಗಿರುತ್ತದೆ. ತಾನಾಗಿ ಬಂದು ಕೈ ಮೂಸಿದಾಗ ತಲೆಯ ಮೇಲೆ ಕೈ ಹಾಕಬೇಡಿ. ಎದೆಯ ಹತ್ತಿರ ಮೂರು ಸೆಕೆಂಡು ಕೆರೆದು ನಿಲ್ಲಿಸಿ. ಇನ್ನೂ ಬೇಕು ಅಂದರೆ ಒರಗುತ್ತದೆ. ಬೇಡ ಅಂದರೆ ತುಟಿ ನೆಕ್ಕಿ ಮುಖ ತಿರುಗಿಸುತ್ತದೆ, ಆಗ ಬಿಟ್ಟುಬಿಡಿ. ವಾರಗಳು ಬೇಕು, ಕೆಲವಕ್ಕೆ ತಿಂಗಳುಗಳು.

ಪಟಾಕಿಗೆ ಈಗಲೇ ತಯಾರಿ ಮಾಡಿ. ಊಟದ ಹೊತ್ತಿಗೆ ಮೊಬೈಲಿನಲ್ಲಿ ಪಟಾಕಿ ಸದ್ದನ್ನು ಕೇಳಿಯೂ ಕೇಳದಷ್ಟು ಸಣ್ಣಗೆ ಹಾಕಿ. ತಿನ್ನುವುದನ್ನು ನಿಲ್ಲಿಸಿದರೆ ಇನ್ನೂ ಕಡಿಮೆ ಮಾಡಿ. ಹಬ್ಬದ ದಿನ ಕತ್ತಲಾಗುವ ಮೊದಲೇ ತಿರುಗಾಡಿಸಿ, ಒಳಕೋಣೆಯಲ್ಲಿ ಕಿಟಕಿ ಹಾಕಿ ಫ್ಯಾನ್ ಇಲ್ಲವೇ ಟಿವಿ ಸದ್ದು ಇಡಿ. ಹೆದರಿ ಹತ್ತಿರ ಬಂದರೆ ಸಮಾಧಾನ ಮಾಡಿ, ಅದರಿಂದ ಹೆದರಿಕೆ ಜಾಸ್ತಿಯಾಗುವುದಿಲ್ಲ. ಕುತ್ತಿಗೆಪಟ್ಟಿಗೆ ಫೋನ್ ನಂಬರ್ ಬರೆದಿಡಿ, ಪಟಾಕಿಗೆ ಹೆದರಿ ಓಡಿದ ನಾಯಿಗಳು ಬಹಳ ದೂರ ಹೋಗಿಬಿಡುತ್ತವೆ. ಪೂರ್ತಿ ಕಂಗೆಡುವ ನಾಯಿಯಾದರೆ ಹಬ್ಬಕ್ಕೆ ಎರಡು ವಾರ ಮುಂಚೆ ಬನ್ನಿ. ಕೊಡಬಹುದಾದ ಔಷಧಿ ಇದೆ, ಒಂದು ಸಲ ಮೊದಲೇ ಕೊಟ್ಟು ನೋಡಬೇಕಾಗುತ್ತದೆ. ಮನೆಯಲ್ಲಿರುವ ನಿದ್ದೆ ಮಾತ್ರೆ ಅರ್ಧ ಮಾಡಿ ಕೊಡುವುದು ಮಾತ್ರ ಬೇಡ.